ಅತ್ತೆಯ ಬಾಯಿ ಬಿಚ್ಚಿದವಳು

ಆಸ್ಪತ್ರೆಯ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತು ಓಡಿಸುವವಳನ್ನು ಎಲ್ಲರೂ ಹುಲ್ಲಕ್ಕ ಅಂತಲೇ ಕರೆಯುತ್ತಾರೆ. ಒಂಬತ್ತು ವರ್ಷ ಕುಡುಗೋಲು ಹಿಡಿದು ಸೊಂಟ ಸವೆಸಿದ ಮೇಲೆ ಸಿಕ್ಕ ಸೀಟು ಅದು. ‘ಹೆಂಗಸಿಗೆ ಯಂತ್ರ ಬಗ್ಗುತ್ತಾ?’ ಅಂದವರ ಕಣ್ಣೆದುರೇ ಕಲಿತು ಕೂತವಳು.

ಆ ಸೀಟಿನ ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ಬ್ಲೇಡು ತಿರುಗುವಾಗ ಕೂತವರು ಎದ್ದರೆ ಸಾಕು, ಎಂಜಿನ್ ಬಂದ್. ಶೆಡ್ಡಿನವರು ಅದಕ್ಕೆ ಇಟ್ಟ ಹೆಸರು ‘ಅತ್ತೆ’. ಸೊಸೆ ಕೂತರೆ ಖುಷಿ, ಎದ್ದರೆ ಸಿಟ್ಟು, ಅಂಥ ಅತ್ತೆ ಜಗತ್ತಿಗೆಲ್ಲ ಇದೊಂದೇ ಅಂತ ನಗುತ್ತಾರೆ. ದಾರಿಯಲ್ಲಿ ಬಿದ್ದ ಕೊಂಬೆ ಎತ್ತಲು ಇಳಿದಾಗಲೆಲ್ಲ ಎಂಜಿನ್ ನಿಲ್ಲುತ್ತದಲ್ಲ, ಅದು ಅವಸರದವರಿಗೆ ಆಗುವುದಿಲ್ಲ. ಸ್ವಿಚ್ಚಿನ ಎರಡು ತುದಿಗೆ ತುಂಡು ತಂತಿ ಸುತ್ತಿ, ಎದ್ದರೂ ಎಂಜಿನ್ ನಿಲ್ಲದ ಹಾಗೆ ಮಾಡಿಬಿಡುತ್ತಾರೆ. ಅದಕ್ಕೂ ಹೆಸರುಂಟು: ಅತ್ತೆಯ ಬಾಯಿ ಕಟ್ಟುವುದು.

ಹಲ್ಲು ಕೀಳಿಸಿಕೊಂಡು ಎರಡು ದಿನ ರಜೆ ಹಾಕಿದ್ದ ಹುಲ್ಲಕ್ಕ ಬೆಳಿಗ್ಗೆ ಬಂದು ಎಣ್ಣೆ ನೋಡಿದಳು, ಚಕ್ರದ ಗಾಳಿ ನೋಡಿದಳು, ಸೀಟು ಎತ್ತಿದಳು. ತಂತಿ! ಇಕ್ಕಳ ತಗೊಂಡು ಕಿತ್ತೇಬಿಟ್ಟಳು.

“ಏನಮ್ಮಾ ಅದು?” ಮೇಸ್ತ್ರಿ ಓಡಿ ಬಂದ. “ಹನ್ನೊಂದಕ್ಕೆ ತಪಾಸಣೆಯವರು ಬರ್ತಾರೆ. ಅಷ್ಟರೊಳಗೆ ಮುಂದಿನ ಹುಲ್ಲೆಲ್ಲ ಆಗಬೇಕು. ಕಟ್ಟು ಅದನ್ನ!”

“ಕಟ್ಟಲ್ಲ.”

“ಹಾಗಾದ್ರೆ ಕುಡುಗೋಲು ಹಿಡಿ. ಸೀಟು ನಿನ್ನ ತವರಿಂದ ತಂದದ್ದಲ್ಲ.”

“ಕಾಲು ನನ್ನ ತವರಿಂದಲೇ ತಂದದ್ದು ಮೇಸ್ತ್ರಿ. ಎರಡೇ ಇವೆ.”

ಸೀಟು ಬಿಡುವುದು ಅಂದರೆ ಒಂಬತ್ತು ವರ್ಷ ಬಗ್ಗಿದ್ದನ್ನು ಮತ್ತೆ ಮೊದಲಿಂದ ಬಗ್ಗುವುದು. ಹುಲ್ಲಕ್ಕನಿಗೆ ಅದು ಗೊತ್ತು. ಗೊತ್ತಿದ್ದೇ ಕೀ ತೆಗೆದು ಮೇಸ್ತ್ರಿಯ ಅಂಗೈಗೆ ಹಾಕಿದಳು.

ಮೇಸ್ತ್ರಿ ಅದನ್ನು ಶೆಡ್ಡಿನಲ್ಲೇ ನಿಂತಿದ್ದ ಕುಳ್ಳನತ್ತ ಚಾಚಿದ. ಅವಳು ಇಲ್ಲದಾಗ ಓಡಿಸುವವನು ಅವನೇ. ಕುಳ್ಳ ಕೀ ಮುಟ್ಟಲಿಲ್ಲ. ಬಲಗಾಲಿನ ಬೂಟು ಬಿಚ್ಚಿ ಮೇಜಿನ ಮೇಲಿಟ್ಟ. ಮುಂದಿನ ತುದಿ ಕತ್ತರಿ ಹಾಕಿದ ಹಾಗೆ ಹಾರಿಹೋಗಿತ್ತು.

“ನಿನ್ನೆ ಕೊಂಬೆ ಎತ್ತೋಕೆ ಇಳಿದೆ. ಗಾಡಿ ನಿಲ್ಲಲಿಲ್ಲ, ನನ್ನ ಮೇಲೇ ಬಂತು. ಬೂಟು ಒಂದು ಸೈಜು ದೊಡ್ಡದಿತ್ತು ಅಕ್ಕಾ, ಅದಕ್ಕೇ ಬೆರಳು ಉಳೀತು. ಈ ಮೇಸ್ತ್ರಿಗೆ ಹೇಳಿದ್ರೆ ನಕ್ಕರು.”

ಅವತ್ತು ಯಂತ್ರ ಹೊರಡಲಿಲ್ಲ. ತಪಾಸಣೆಯವರು ಬಂದು ಹುಲ್ಲು ನೋಡದೆಯೇ ಹೋದರು! ಯಾರ ಕಾಲಿನ ಲೆಕ್ಕದಲ್ಲಿ ಇಷ್ಟು ಅವಸರ ಮಾಡಿದ್ದು ಅಂತ ಕೇಳುವವರು ಇರಲಿಲ್ಲ. ಹುಲ್ಲಕ್ಕನಿಗೆ ಮಾತ್ರ ನೋಟಿಸು ಬಂತು. ನಮ್ಮಲ್ಲಿ ತಪ್ಪು ಮಾಡಿದವನಿಗಿಂತ ತಪ್ಪು ತೋರಿಸಿದವರ ವಿಳಾಸ ಬೇಗ ಸಿಗುತ್ತದೆ.

ಆಡಳಿತಾಧಿಕಾರಿ ಕರೆಸಿ, ಬಿಳಿ ಹಾಳೆ ಮುಂದಿಟ್ಟು, ಸಕ್ಕರೆಯಂಥ ದನಿಯಲ್ಲಿ ಹೇಳಿದರು: “ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡಿ. ಸೀಟು ನಿಮ್ಮದೇ.”

ಅವಳು ಬರೆದಳು. ಒಂದಲ್ಲ, ಎರಡು ಸಾಲು. ‘ತಂತಿ ಕಿತ್ತವಳು ನಾನೇ. ಮತ್ತೆ ಕಟ್ಟಿದರೆ ಮತ್ತೆ ಕೀಳುತ್ತೇನೆ.’ ಬಾಗಿಲ ಹೊರಗೆ ನಿಂತಿದ್ದ ಕುಳ್ಳ ಒಳಗೆ ಬಂದು, ಯಾರನ್ನೂ ಕೇಳದೆ, ಅದರ ಕೆಳಗೆ ತನ್ನ ಸಹಿಯನ್ನೂ ಗೀಚಿದ.

ಓಡಿಸಬಲ್ಲವರು ಇಬ್ಬರೇ. ಇಬ್ಬರೂ ಒಲ್ಲೆ ಅಂದರೆ ಹುಲ್ಲು ಅಧಿಕಾರಿಗಳ ಮಾತು ಕೇಳುತ್ತದೆಯೇ? ವಾರ ಕಳೆಯುವಷ್ಟರಲ್ಲಿ ಗಾಲಿಕುರ್ಚಿಯ ದಾರಿಯೂ ಮುಚ್ಚಿಕೊಂಡಿತು. ಎಂಟನೆಯ ದಿನ ಶೆಡ್ಡಿನ ಗೋಡೆಗೆ ಆದೇಶ ಅಂಟಿತು: ಸೀಟಿನ ಸ್ವಿಚ್ಚಿಗೆ ಯಾರೂ ತಂತಿ ಕಟ್ಟತಕ್ಕದ್ದಲ್ಲ. ಕೆಳಗೆ ಆಡಳಿತಾಧಿಕಾರಿಯ ಸಹಿ, ತಾವೇ ಕಂಡುಹಿಡಿದ ಹಾಗೆ. ನೋಟಿಸಿನ ಸುದ್ದಿ ಯಾರೂ ಎತ್ತಲಿಲ್ಲ.

ಮೇಸ್ತ್ರಿ ಕೀ ತಂದು ಚಾಚಿದ. “ಗೆದ್ದೆಯಲ್ಲ ತಾಯೀ. ಇನ್ನಾದ್ರೂ ಹತ್ತು. ಹಿಂದಿನ ಇಳಿಜಾರಿಂದ ಶುರು ಮಾಡು.”

ಹುಲ್ಲಕ್ಕ ಹೊರಗೆ ನೋಡಿದಳು. ಇಳಿಜಾರಿನ ತುಂಬ ಇಬ್ಬನಿ ಹೊಳೆಯುತ್ತಿತ್ತು.

“ಒದ್ದೆ ಇಳಿಜಾರಲ್ಲಿ ಗಾಡಿ ಮಗುಚುತ್ತೆ. ಹತ್ತು ಗಂಟೆಗೆ ಒಣಗುತ್ತೆ, ಆಗ ಹತ್ತುತ್ತೀನಿ.”

“ಮತ್ತೆ ಶುರುವಾಯ್ತಾ ನಿಂದು!”

“ನಿಂತಿದ್ದು ಯಾವಾಗ?” ಅಂದು ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಎಂಜಿನ್ ಅಕಸ್ಮಾತ್ ಶುರುವಾಗದ ಹಾಗೆ ಪ್ಲಗ್ಗಿನ ವೈರು ಕಳಚಿಟ್ಟು, ಬ್ಲೇಡಿನ ಗೂಡಿಗೆ ಅಂಟಿದ ಒಣ ಹುಲ್ಲನ್ನು ಕೆರೆಯತೊಡಗಿದಳು.