ತಮ್ಮನ ಹೆಸರಿನಲ್ಲಿ ನಾನಾಡಿದ ಆಟ

ನನ್ನ ತಮ್ಮ ಗೋವಾಕ್ಕೆ ಹೋಗಬೇಕಾಗಿತ್ತು. ಹೋಗಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಬಹಳ ದಿನ ಎಲ್ಲರೂ ಅದಕ್ಕೆ ಮೊಬೈಲ್ ಟಾವರನ್ನು ಬೈದರು. ತಪ್ಪು ಟಾವರಿನದಾಗಿರಲಿಲ್ಲ, ನನ್ನದಾಗಿತ್ತು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ದೊಡ್ಡ ಬರವಣಿಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಲು ಅಷ್ಟು ಸಾಕು ಅಂದುಕೊಂಡಿದ್ದೇನೆ.

ನಮ್ಮದು ನೇಕಾರರ ಮನೆ. ತಮ್ಮನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮ್. ಮಗ್ಗ ಅವನು ನೋಡುತ್ತಾನೆ, ಲಾಳಿಗೆ ಹಾಕುವ ನೂಲಿನ ಕಂಡಿಕೆ ನಾನು ಸುತ್ತುತ್ತೇನೆ. ನಾಲ್ಕೂ ಮಗ್ಗ ಕೂಡಿ ಬಡಿಯುವಾಗ ಹೊಸಬರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವನಿಗೆ ಮಾತ್ರ ಆ ಸದ್ದಿನೊಳಗೇ ಯಾವ ಮಗ್ಗ ತಪ್ಪಿ ಬಡಿಯಿತು ಎಂದು ತಿಳಿಯುತ್ತದೆ. ಕಿವಿಯೇ ಕೆಲಸ ಮಾಡಿದ ಮೇಲೆ ಕಣ್ಣಿಗೆ ಬಿಡುವು. ಬಿಡುವಿದ್ದ ಕಣ್ಣಿಗೆ ಫೋನ್ ಸಿಕ್ಕಿತು, ಫೋನಿನಲ್ಲಿ ಪೋಕರ್ ಸಿಕ್ಕಿತು.

ಪೋಕರ್ ಎಂದರೆ ಇಸ್ಪೀಟಾಟವೇ. ಪ್ರತಿಯೊಬ್ಬರ ಕೈಗೆ ಎರಡೆರಡು ಎಲೆ, ಇನ್ನೊಬ್ಬರಿಗೆ ಕಾಣದ ಹಾಗೆ. ನಡುವೆ ಐದು ಎಲೆ, ಎಲ್ಲರಿಗೂ ಕಾಣುವ ಹಾಗೆ. ಕೈಯವನ್ನೂ ನಡುವಿನವನ್ನೂ ಕೂಡಿಸಿ ಯಾರ ಐದೆಲೆ ದೊಡ್ಡದಾಗುತ್ತದೋ ಅವರು ಗೆದ್ದರು. ತನ್ನ ಎಲೆ ಚೆನ್ನಾಗಿಲ್ಲ ಎನಿಸಿದವನು ಫೋಲ್ಡ್ ಎಂಬ ಗುಂಡಿ ಒತ್ತಿ ಎಲೆ ಒಗೆದು ಸುಮ್ಮನಾಗಬೇಕು. ನಾನು ಕಂಡಿಕೆ ಸುತ್ತುತ್ತ ಅವನ ಹೆಗಲ ಮೇಲಿಂದ ನೋಡಿ ನೋಡಿಯೇ ಇಷ್ಟು ಕಲಿತೆ.

ಮೊದಮೊದಲು ಪುಕ್ಕಟೆ ಆಟ. ಆಮೇಲೆ ಚಹಾ-ಚುರಮುರಿಯ ಖರ್ಚಿನಷ್ಟು ಹಾಕಿ ಆಡತೊಡಗಿದ. ಅವನ ಹೆಂಡತಿ ಫೋನಿಗೆ ಸವತಿ ಎಂದೇ ಹೆಸರಿಟ್ಟಿದ್ದಳು. "ಯಕ್ಕಾ, ಅವರು ಊಟಕ್ಕ ಬರಾಂಗಿಲ್ಲರಿ ಈಗ, ಸವತಿ ಚಾರ್ಜ್ ಆಗಾಕತ್ತಾಳ, ಕಾಯಾಕತ್ತಾರ" ಎನ್ನುತ್ತಿದ್ದಳು. ಒಂದು ತಿಂಗಳು ಅವನು ಗೆದ್ದ. ನಮ್ಮನ್ನೆಲ್ಲ ಎರಡು ಗಾಡಿಯ ಮೇಲೆ ಹೇರಿಕೊಂಡು ಜಮಖಂಡಿಗೆ ಹೋಗಿ ಹೊಟ್ಟೆ ತಣ್ಣಗಾಗುವಷ್ಟು ಐಸ್‌ಕ್ರೀಮ್ ತಿನ್ನಿಸಿದ. ಮರುತಿಂಗಳು ಅಷ್ಟನ್ನೂ ಸೋತ. "ಹೋದ ತಿಂಗಳ ತಿಂದ ಐಸ್‌ಕ್ರೀಮು ಈ ತಿಂಗಳ ಕರಗಿತು ನೋಡ್ರಿ" ಎಂದಳು ಹೆಂಡತಿ. ಅವನೂ ನಕ್ಕ. ಸೋತಾಗ ನಗುವವನು ಅವನು. ಅದಕ್ಕೇ ಎಷ್ಟು ಹಾಕಬೇಕು ಎಂಬ ಮಿತಿಯನ್ನು ಎಂದೂ ದಾಟಲಿಲ್ಲ.

ಅವನ ಆಟದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಒಗೆಯುವುದು. ಒಂದು ದಿನ ಕೈಯಲ್ಲಿ ಎರಡು ರಾಜರನ್ನು ಇಟ್ಟುಕೊಂಡು ಕುಳಿತವನು, ನಡುವೆ ಒಂದು ಎಕ್ಕಾ ಬಿದ್ದದ್ದೇ ತಡ, ಎರಡನ್ನೂ ಒಗೆದುಬಿಟ್ಟ.

"ಲೇ, ರಾಜಾ ಬಂದಿದ್ದೂ ಒಗದಿಯಲ್ಲೋ! ತಲಿ ಕೆಟ್ಟೈತೇನ ನಿಂದು?"

"ಯಕ್ಕಾ, ಎದರಿನವನ ಕೈಯಾಗ ಎಕ್ಕಾ ಐತಿ."

"ನೀ ನೋಡಿ ಬಂದಿಯೇನ?"

"ಹಾಕಿದ್ದ ನೋಡಿದ್ರ ತಿಳೀತೈತಿ. ಇದರಾಗ ಗೆಲ್ಲೂದ ಎಲ್ಲಾರಿಗೂ ಬರತೈತಿಬೇ. ಒಗಿಯೂದ ಬರಬೇಕು."

ಎದುರಿನವನು ಎಲೆ ತೋರಿಸಿದಾಗ ಎಕ್ಕಾ ಇತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ನಾನೇನು ಎಲೆ ಹಿಡಿಯಲಾರದವಳಲ್ಲ. ಪಂಚಮಿಯ ಎರಡು ದಿನ ನಮ್ಮ ಓಣಿಯ ಹೆಂಗಸರು ಪಡಸಾಲೆಯಲ್ಲಿ ಕುಳಿತು ಮೂರೆಲೆ ಆಡುವುದು ಹಿಂದಿನಿಂದ ಬಂದದ್ದು. ಪಣಕ್ಕೆ ಶೇಂಗಾ ಉಂಡಿ. ಲಂಗ ಉಡುವ ವಯಸ್ಸಿನಲ್ಲೇ ನಾನು ಅತ್ತೆಯಂದಿರ ಉಂಡಿಗಳನ್ನು ಉಡಿ ತುಂಬ ಗೆದ್ದವಳು. ಆ ಆಟದಲ್ಲಿ ಒಂದೇ ಜಾತಿಯ ಮೂರೆಲೆ ಬಂದರೆ ಕಲರ್. ಐದು, ಆರು, ಏಳು ಹೀಗೆ ಸಾಲಾಗಿ ಬಂದರೆ ಸಿಕ್ವೆನ್ಸ್. ಸಿಕ್ವೆನ್ಸ್ ಕಲರನ್ನು ಹೊಡೆಯುತ್ತದೆ. ಇದು ನನಗೆ ಮಗ್ಗಿಗಿಂತ ಗಟ್ಟಿಯಾಗಿ ಬಾಯಿಪಾಠ. ತಮ್ಮ ಹೊಡೆಯಲಾರದ ಕಡೆ ನಾನು ಹೊಡೆಯಬಲ್ಲೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಸಣ್ಣ ಆಟದಲ್ಲಿ ಗೆದ್ದು ಅವನಿಗೆ ದೊಡ್ಡ ಸ್ಪರ್ಧೆಯ ಟಿಕೀಟು ಸಿಕ್ಕಿತು. ರವಿವಾರ ಮಧ್ಯಾಹ್ನದ ಆಟ. ಕೊನೆಗೆ ಉಳಿಯುವ ಒಂಬತ್ತು ಜನರನ್ನು ಗೋವಾಕ್ಕೆ ಕರೆಸಿ, ಖರೆ ಮೇಜಿನ ಸುತ್ತ ಕೂಡಿಸಿ ಆಡಿಸುತ್ತಾರಂತೆ. ಬಹುಮಾನ ಎಷ್ಟು ಎಂದು ನಾನು ಕೇಳಿದೆ. ಅವನು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

"ಎದರಿಗೆ ಕುಂತವರ ಮಾರಿ ನೋಡಿ ಆಡಬೇಕ ಯಕ್ಕಾ. ಎರಡ ವರ್ಷಾತು ಆಡಾಕತ್ತು, ಇನ್ನೂ ಒಬ್ಬಂದೂ ಮಾರಿ ನೋಡಿಲ್ಲ ನಾ. ಒಂದ ಸಲ, ಒಂದ ಸಲ ಅಲ್ಲಿ ಕುಂದ್ರಬೇಕು. ಮೊದಲನೇ ಎಲಿಗೇ ಸೋತ ಬಂದ್ರೂ ಚಿಂತಿಲ್ಲ."

ಆ ರವಿವಾರವೇ ಕೆಚ್ಚುವವರು ಬಂದರು. ಮಗ್ಗದ ಮೇಲಿನ ಹಾಸಿನ ನೂಲು ತೀರಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸಬೇಕು. ಅದಕ್ಕೆ ನಮ್ಮಲ್ಲಿ ಕೆಚ್ಚುವುದು ಎನ್ನುತ್ತಾರೆ. ಸಾವಿರಗಟ್ಟಲೆ ಎಳೆ. ಕೆಚ್ಚುವವರು ರಬಕವಿಯಿಂದ ಬರಬೇಕು, ಅವರು ಸಿಕ್ಕ ದಿನವೇ ನಮಗೆ ಮುಹೂರ್ತ. ಒಬ್ಬರು ಹೊಸೆಯುತ್ತಿದ್ದರೆ ಇನ್ನೊಬ್ಬರು ಎದುರು ಕುಳಿತು ಎಳೆ ಬಿಡಿಸಿ ಕೊಡಬೇಕು. ನಡುವೆ ಎದ್ದರೆ ಎಳೆ ತಪ್ಪುತ್ತದೆ, ತಪ್ಪಿದ ಎಳೆ ಹುಡುಕುವುದು ಹೊಸದಾಗಿ ಕೆಚ್ಚುವುದಕ್ಕಿಂತ ಕಷ್ಟ. ತಮ್ಮ ಒಂದು ತಾಸು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೆಲಸ ಮಾಡಲು ನೋಡಿದ. ಕೆಚ್ಚುವ ಕಾಕಾ ರೇಗಿದರು.

"ತಮ್ಮಾ, ಎಳಿ ಕೊಡ್ತಿಯೋ, ಎಲಿ ಒಗೀತಿಯೋ? ಒಂದ ಹೇಳು. ನಾ ಮನಿಗೆ ಹೊಕ್ಕೇನಿ."

ಆಗ ಅವನು ನನ್ನನ್ನು ಕರೆದು ಫೋನು ಕೈಗೆ ಕೊಟ್ಟ. ಇಪ್ಪತ್ತಾರು ಜನ ಉಳಿದಿದ್ದರು. ಅವನ ಹತ್ತಿರ ಪಣಕ್ಕೆ ಹಾಕುವ ಬಿಲ್ಲೆಗಳು ಸಾಕಷ್ಟಿದ್ದವು.

"ಯಕ್ಕಾ, ಎರಡು ಎಕ್ಕಾ ಇಲ್ಲಾ ಎರಡು ರಾಜಾ ಬಂದ್ರ ಕೂಗು, ಎದ್ದ ಬರ್ತೀನಿ. ಉಳದದ್ದೆಲ್ಲಾ ಫೋಲ್ಡ್. ಚೆಕ್ ಅಂತ ಬಂದ್ರ ಚೆಕ್ ಒತ್ತು, ಅದಕ್ಕ ರೊಕ್ಕಿಲ್ಲ. ಬ್ಯಾರೆ ಏನೂ ಆಡಬ್ಯಾಡ. ತಿಳೀತಿಲ್ಲೋ?"

"ತಿಳೀತೋ. ಒಗಿಯೂದೇನ ಮಹಾ ವಿದ್ಯಾ."

ಶೆಡ್ಡಿನ ಬಾಗಿಲ ಹತ್ತಿರ, ಅವನಿಂದ ಹತ್ತು ಹೆಜ್ಜೆ ದೂರದಲ್ಲಿ ಸ್ಟೂಲಿನ ಮೇಲೆ ಕುಳಿತೆ. ಒಂದು ತಾಸು ಒಗೆದೆ. ಚಂದ ಚಂದ ಎಲೆ ಒಗೆದೆ. ರಾಣಿ ಬಂದಳು, ಒಗೆದೆ. ಗುಲಾಮರು ಜೋಡಿಯಾಗಿ ಬಂದರು, ಹೊಟ್ಟೆ ಉರಿದರೂ ಒಗೆದೆ. ಹಾಗೆ ಕುಳಿತರೂ ಸರದಿಗಿಷ್ಟೆಂದು ಬಿಲ್ಲೆ ತಾವೇ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದವು, ಆದರೆ ಜನ ಅದಕ್ಕಿಂತ ಬೇಗ ಉದುರುತ್ತಿದ್ದರು. ಇಪ್ಪತ್ತಾರು ಹೋಗಿ ಹದಿಮೂರಾಯಿತು. ಇನ್ನು ನಾಲ್ಕು ಜನ ಉದುರಿದರೆ ತಮ್ಮನಿಗೆ ಗೋವಾ.

"ಎಷ್ಟ ಮಂದಿ ಅದಾರಬೇ?" ಎಂದು ಅವನು ತಲೆ ಎತ್ತದೆ ಕೂಗಿದ.

"ಹದಿಮೂರು!"

"ಹಂಗಽ ಒಗಿ!"

ಮುಂದಿನ ಆಟಕ್ಕೆ ಕಪ್ಪು ಎಂಟು, ಕಪ್ಪು ಒಂಬತ್ತು ಬಂದವು. ಚೆಕ್ ಎಂದು ತೋರಿಸಿತು, ಒತ್ತಿದೆ. ನಡುವೆ ಮೂರೆಲೆ ಬಿದ್ದವು: ಆರು, ಏಳು, ಹತ್ತು. ಮೂರೂ ಕೆಂಪು ಬದಾಮ, ಅಂದರೆ ಹಾರ್ಟ್. ನನ್ನ ಎಂಟು-ಒಂಬತ್ತು ಅವುಗಳ ನಡುವೆ ಹಲ್ಲಿನ ಸಂದಿಗೆ ಹಲ್ಲು ಕೂತ ಹಾಗೆ ಕೂತವು. ಆರು, ಏಳು, ಎಂಟು, ಒಂಬತ್ತು, ಹತ್ತು. ಸಿಕ್ವೆನ್ಸ್! ಮತ್ತೆ ಚೆಕ್ ಬಂತು, ಒತ್ತಿದೆ. ನಾಲ್ಕನೆಯ ಎಲೆಯೂ ಬದಾಮ, ಎರಡು. ಆಗ ಹುಲಿಯ ಚಿತ್ರ ಹಾಕಿಕೊಂಡಿದ್ದ ಒಬ್ಬ ದೊಡ್ಡ ರಾಶಿ ಬಿಲ್ಲೆ ಮುಂದೆ ನೂಕಿದ. ಅವನ ಹತ್ತಿರ ಕಲರ್ ಇದೆ ಎಂದು ನನಗೆ ತಿಳಿಯಿತು. ನಡುವೆ ನಾಲ್ಕು ಬದಾಮ ಇರುವಾಗ ಕೈಯಲ್ಲಿ ಒಂದು ಬದಾಮ ಇದ್ದರೆ ಸಾಕು. ಇರಲಿ ಬಿಡು, ನನ್ನ ಕೈಯಲ್ಲಿ ಸಿಕ್ವೆನ್ಸ್ ಇದೆ ಎಂದುಕೊಂಡೆ. ಕಲರ್ ಇಟ್ಟುಕೊಂಡು ಮೆರೆಯುವ ಹುಲಿಯನ್ನು ಕಂಡು ನಗುವೇ ಬಂತು. ಇದ್ದಬದ್ದ ಬಿಲ್ಲೆಗಳನ್ನೆಲ್ಲ ನೂಕುವ ಗುಂಡಿ ಒತ್ತಿದೆ.

ಹುಲಿಯೂ ಅಷ್ಟೇ ಹಾಕಿ ಒಂದು ಬದಾಮ ತೋರಿಸಿತು, ಐದನೆಯ ಎಲೆ ಯಾರಿಗೂ ಬೇಡದ್ದು ಬಿತ್ತು. ನನ್ನ ಬಿಲ್ಲೆಗಳೆಲ್ಲ ಆ ಕಡೆ ಹರಿದುಹೋದವು. ಫೋನು ಕೆಟ್ಟಿದೆ ಎಂದು ಮೊದಲು ಅನಿಸಿತು. ನಂತರ ಪರದೆಯ ಮೇಲೆ ಯಾವ ಕೈ ಗೆದ್ದಿತು ಎಂದು ಬರೆದದ್ದು ಕಂಡೆ. ಐದೆಲೆಯ ಈ ಆಟದಲ್ಲಿ ಲೆಕ್ಕ ತಿರುವುಮುರುವು: ಕಲರೇ ಸಿಕ್ವೆನ್ಸನ್ನು ಹೊಡೆಯುತ್ತದೆ. ಎರಡು ವರ್ಷ ಹೆಗಲ ಮೇಲಿಂದ ನೋಡಿದರೂ ಅದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಎಷ್ಟ ಮಂದೀಬೇ?" ಎಂದು ತಮ್ಮ ಮತ್ತೆ ಕೂಗಿದ.

"ನೆಟ್ ಹೋತೋ!" ಎಂದೆ. ಬಾಯಿಂದ ತಾನೇ ಬಂತು. "ಗರಗರ ತಿರಗಾಕತ್ತೈತಿ!"

ಅವನು ಎಳೆ ಕೈಬಿಟ್ಟು ಓಡಿ ಬರುವಷ್ಟರಲ್ಲಿ ನಾನು ಆ್ಯಪು ಮುಚ್ಚಿದ್ದೆ. ತೆರೆದು ನೋಡಿದ. ಆಟ ಮುಗಿದಿದೆ ಎಂದಿತ್ತು. ನೆಟ್ ಹೋದದ್ದಕ್ಕೇ ಹೊರಗೆ ಹಾಕಿದರೆಂದು ತಿಳಿದ. ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆ, ಅದು ಮಾತ್ರ ಖರೆ.

"ಅಳಬ್ಯಾಡ ಯಕ್ಕಾ. ನಿಂದೇನ ತಪ್ಪೈತಿ? ಟಾವರಿಗೆ ಬೆಂಕಿ ಬೀಳ್ಲಿ."

ಆಡಿದ ಪ್ರತಿಯೊಂದು ಕೈಯನ್ನೂ ಆ ಆ್ಯಪಿನಲ್ಲಿ ಹಿಂದಿರುಗಿ ನೋಡಬಹುದಂತೆ. ಇದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ಅವನಿಗೆ ಮೊದಲೇ ಗೊತ್ತಿತ್ತು. ನೋಡಲಿಲ್ಲ. ಅಕ್ಕ ಹೇಳಿದ ಮೇಲೆ ನೋಡುವುದೇನಿದೆ?

ಅಲ್ಲಿಂದ ಸುಳ್ಳು ತನ್ನ ಸಂಸಾರ ತಾನೇ ಬೆಳೆಸಿಕೊಂಡಿತು. ಜಮಖಂಡಿಗೆ ಹೋಗಿ ಸಿಮ್ ಬದಲಿಸಿದ. ಮುಧೋಳದಲ್ಲಿ ಯಾರೋ ನೆಟ್ ಹಿಡಿಯುವ ಕೋಲು ಮಾರುತ್ತಾರೆಂದು ಅದನ್ನು ತಂದು ಮಾಳಿಗೆಯ ಮೇಲೆ ನೆಟ್ಟ. ಅದರ ಮೇಲೆ ಕಾಗೆ ಕೂರುವುದಕ್ಕೆ ಅನುಕೂಲವಾಯಿತು. ಹೆಂಡತಿಯ ತವರು ಬೀಳಗಿಗೆ ಹೋದಾಗಲೂ ಫೋನು ಎತ್ತಿ ಹಿಡಿದು, "ಇಲ್ಲಿ ನೋಡ್ರಿ, ಎಷ್ಟ ಛಲೋ ಬರತೈತಿ" ಎಂದು ಮಾವನಿಗೆ ತೋರಿಸಿದನಂತೆ. ದೊಡ್ಡ ಸ್ಪರ್ಧೆಗೆ ಮತ್ತೆ ಕೂರಲಿಲ್ಲ. "ನಮ್ಮ ಓಣ್ಯಾಗಿನ ನೆಟ್ ನಂಬಿ ಆಡಾಕಾಗೂದಿಲ್ಲ" ಎನ್ನುತ್ತಿದ್ದ. ಅಷ್ಟರಲ್ಲಿ ಸರಕಾರ ದುಡ್ಡಿನ ಆಟಗಳನ್ನೇ ಬಂದ್ ಮಾಡಿತು. ಅವನ ಹೆಂಡತಿ ಸವತಿ ತೀರಿಕೊಂಡಳೆಂದು ಹೋಳಿಗೆ ಮಾಡಿದಳು. ಎಲ್ಲರೂ ನಕ್ಕು ಉಂಡರು. ನಾನು ನನ್ನ ಹೋಳಿಗೆ ತಮ್ಮನ ತಾಟಿಗೆ ಹಾಕಿದೆ. ಅಂಥ ಇನ್ನೊಂದು ರವಿವಾರ ಅವನಿಗೆ ಇನ್ನು ಬರುವುದಿಲ್ಲ ಎಂದು ನನಗೆ ಮಾತ್ರ ಅರ್ಥವಾಗಿತ್ತು.

ನಾನು ಹಾಗೇ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಓಣಿಯವರು ಬಿಡಲಿಲ್ಲ. ನೆಟ್ ಸರಿಯಿಲ್ಲವೆಂದು ಕಂಪನಿಗೆ ಅರ್ಜಿ ಕೊಡಬೇಕೆಂದು ನಾಲ್ಕೈದು ಜನ ನಮ್ಮ ಶೆಡ್ಡಿಗೆ ಬಂದರು. ಅರ್ಜಿ ಬರೆಯುವುದರಲ್ಲಿ ನುರಿತ ಹಿರಿಯ ನೇಕಾರರೊಬ್ಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸದರಿ ಓಣಿಯ ನೇಕಾರ ಯುವಕನೊಬ್ಬನು ನೆಟ್‌ವರ್ಕ್ ಕಡಿತದ ನಿಮಿತ್ತ ರಾಷ್ಟ್ರಮಟ್ಟದ ಬುದ್ಧಿಚಾತುರ್ಯ ಸ್ಪರ್ಧೆಯಿಂದ ವಂಚಿತನಾಗಿದ್ದು..."

"ಕಾಕಾ, ಪೋಕರ್ ಅಂತ ಬರೀರಲ್ಲಾ" ಎಂದ ತಮ್ಮ.

"ಸುಮ್ನಿರೋ. ಅರ್ಜಿಗೊಂದು ತೂಕ ಬೇಕು. ಅಕ್ಕಾರ, ಬರ್ರಿ, ಸಾಕ್ಷಿ ನೀವ. ಇಲ್ಲೊಂದು ಸಹಿ ಮಾಡ್ರಿ."

ಪೆನ್ನು ಕೈಗೆ ಕೊಟ್ಟರು. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ ಎಂದು ಅಷ್ಟು ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಒಂದೂ ತಪ್ಪಿಲ್ಲದೆ ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಅದನ್ನು ಆ ಮಾತಿನ ಕೆಳಗೆ ಬರೆಯದೆ ಪೆನ್ನು ಕೆಳಗಿಟ್ಟೆ.

"ನೆಟ್ ಇತ್ತು" ಎಂದೆ.

"ಏನ್ರಿ?"

"ಆವತ್ತ ನೆಟ್ ಇತ್ತು. ಹೋಗಿದ್ದಿಲ್ಲ. ನಾ ಆಡಿದೆ. ಎಲ್ಲಾ ಹಾಕಿದೆ, ಎಲ್ಲಾ ಹೋತು." ಕಪ್ಪು ಎಂಟು-ಒಂಬತ್ತರಿಂದ ಹುಲಿಯ ಬದಾಮದವರೆಗೆ ಎಲ್ಲವನ್ನೂ ಹೇಳಿದೆ.

ಹಿರಿಯರು ಕನ್ನಡಕ ತೆಗೆದರು. "ಸಿಕ್ವೆನ್ಸ್ ಇತ್ತು ಅಂತೀರಿ? ಮತ್ತ ಸೋಲ್ತಾವು ಹೆಂಗ? ಸಿಕ್ವೆನ್ಸ್ ಇದ್ರ ನಾ ಮಗ್ಗಾ ಸೈತ ಹಾಕ್ತಿದ್ದೆ!" ಉಳಿದವರು ಹೋ ಎಂದು ನಕ್ಕರು. ತಮ್ಮ ನಗಲಿಲ್ಲ.

"ನಾ ಅಲ್ಲೇ ಇದ್ನೆಲ್ಲಬೇ, ಹತ್ತ ಹೆಜ್ಜೀ ಮ್ಯಾಲ. ಒಂದ ಸಲ ಕೂಗಬೇಕಿಲ್ಲೇನ?"

ಸುಳ್ಳಿಗೆ ಮತ್ತೊಂದು ಸುಳ್ಳು ಸಿದ್ಧವಿತ್ತು: ಗಡಿಬಿಡಿ ಆಯಿತು, ತಿಳಿಯಲಿಲ್ಲ. ಅದನ್ನು ನುಂಗಿದೆ.

"ಕೂಗಿದ್ರ ನೀ ಆಡ್ತಿದ್ದಿ" ಎಂದೆ. "ನನಗ ಆಡಬೇಕಾಗಿತ್ತೋ."

ಅವನು ಎದ್ದು ಮೂರನೆಯ ಮಗ್ಗದ ಹತ್ತಿರ ಹೋದ. ಅದು ಚೆನ್ನಾಗಿಯೇ ನಡೆದಿತ್ತು. ಹಿರಿಯರು ಅರ್ಜಿಯ ಮೊದಲ ಸಾಲು ಹೊಡೆದುಹಾಕಿ, "ನೆಟ್ ಹೆಂಗೂ ಛಲೋ ಇಲ್ಲ, ಅದಂತೂ ಖರೆ" ಎಂದು ಉಳಿದದ್ದಕ್ಕೆ ಎಲ್ಲರ ಸಹಿ ಹಾಕಿಸಿಕೊಂಡು ಹೋದರು. ನಾನೂ ಹಾಕಿದೆ.

ಎರಡು ದಿನ ಅವನು ನನ್ನ ಕೈಯ ಚಹಾ ಕುಡಿಯಲಿಲ್ಲ. ಕಂಡಿಕೆ ಬುಟ್ಟಿಯನ್ನು ಹೆಂಡತಿಯ ಕೈಲಿ ತರಿಸಿಕೊಳ್ಳುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತ. ನಾನು ಚಹಾದ ಕಪ್ ಮುಂದಿಟ್ಟೆ. ಅರ್ಧ ಕುಡಿದ ಮೇಲೆ ಕೇಳಿದ.

"ಎಂಟು, ಒಂಬತ್ತೇನ?"

"ಹೂಂ."

"ಎರಡೂ ಕಪ್ಪು?"

"ಎರಡೂ."

"ನಾನೂ ಹಾಕ್ತಿದ್ದೆ ಬಿಡ ಯಕ್ಕಾ. ಅಂಥಾ ಎಲಿ ಯಾರ ಒಗೀತಾರ?"

ನಡುವೆ ನಾಲ್ಕು ಬದಾಮ ಬಿದ್ದಾಗ, ಹುಲಿ ಅಷ್ಟು ಬಿಲ್ಲೆ ನೂಕಿದಾಗ, ಅವನಾಗಿದ್ದರೆ ಕಣ್ಣು ಮಿಟುಕಿಸದೆ ಒಗೆಯುತ್ತಿದ್ದ. ಅವನ ಆಟವನ್ನು ನಾನು ಎರಡು ವರ್ಷ ನೋಡಿದ್ದೇನೆ. ಆದರೂ ಹೌದಪ್ಪಾ ಎಂದೆ. ಅವನು ಕಪ್ ಕೊಟ್ಟು, ಇನ್ನಷ್ಟು ಚಹಾ ಇದೆಯೇನು ಎಂದು ಕೇಳಿದ.