ಸಾಬೂನಿನಲ್ಲಿ ಮಿಂದ ಮರಿ

ಕುರಿ ಸಾಕಣೆ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವಳು ಸೋಪಕ್ಕ. ಹನ್ನೆರಡು ವರ್ಷಗಳಿಂದ ಕೊಟ್ಟಿಗೆ ತೊಳೆಯುವ ಕೆಲಸ. ನೆಲದಲ್ಲಿ ಮುಖ ಕಾಣುವಂತೆ ಉಜ್ಜುತ್ತಿದ್ದಳು. ಮನೆಯಲ್ಲೂ ಅಷ್ಟೇ, ಕೈ ತೊಳೆಯದೆ ಮಗಳು ತಟ್ಟೆ ಮುಟ್ಟುವಂತಿರಲಿಲ್ಲ.

ಮರಿ ಹಾಕಿಸುವುದು ಅವಳ ಪಾಲಿನ ಕೆಲಸವಲ್ಲ. ಅದನ್ನು ನೋಡಿಕೊಳ್ಳುವವನು ಜ್ವರವೆಂದು ಮಲಗಿದ ದಿನವೇ, ಆಗಲೇ ಎರಡು ಸಲ ಹೆತ್ತು ಸಾಕಿದ್ದ ಕುರಿಯೊಂದು ಈದುಬಿಟ್ಟಿತು. ಲೋಳೆ ಮೆತ್ತಿಕೊಂಡು ನಡುಗುತ್ತಿದ್ದ ಮರಿಯನ್ನು ಕಂಡು ಸೋಪಕ್ಕನ ಕರುಳು ಚುರುಕ್ಕೆಂದಿತು. ತಾಯಿ ನೆಕ್ಕುವ ಮೊದಲೇ ಎತ್ತಿಕೊಂಡು ಹೋಗಿ, ಮಗಳಿಗೆಂದು ಕೊಂಡಿದ್ದ ಸಾಬೂನು ಹಚ್ಚಿ ಬಿಸಿನೀರಿನಲ್ಲಿ ಮೀಯಿಸಿದಳು. ಒಲೆಯ ಪಕ್ಕ ಮಡಿಲಲ್ಲಿಟ್ಟುಕೊಂಡು ಒಣಗಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು.

"ನೋಡೇ ನಿನ್ನ ರಾಜಕುಮಾರೀನ!" ಎಂದು ತಾಯಿಯ ಮುಂದೆ ನಿಲ್ಲಿಸಿದಳು.

ಕುರಿ ಮೂಸಿತು. ಹಿಂದೆ ಸರಿದು, ತಲೆ ತಗ್ಗಿಸಿ, ಗುದ್ದಿತು. ಮರಿ ಹೋಗಿ ಗೋಡೆಗೆ ಬಿತ್ತು. ತಡವರಿಸಿ ಎದ್ದು ಕೆಚ್ಚಲು ಹುಡುಕಿಕೊಂಡು ಬಂದರೆ ಇನ್ನೊಂದು ಗುದ್ದು.

ಸೋಪಕ್ಕ ಮರಿಯನ್ನು ಎತ್ತಿಕೊಂಡು ಕೂಗಿದಳು. "ಅಯ್ಯೋ ಪಾಪಿ, ನೀನೇ ಹೆತ್ತಿದ್ದಲ್ವೇನೇ!"

ಕೂಗು ಕೇಳಿ ಓಡಿಬಂದ ಕೇಂದ್ರದ ಡಾಕ್ಟರಮ್ಮ ಮರಿಯನ್ನು ಮೂಸಿ ನೋಡಿದರು. "ಸ್ನಾನ ಮಾಡಿಸಿದ್ಯಾ?"

"ಗಲೀಜಾಗಿತ್ತು, ಮೇಡಂ..."

"ಆ ಗಲೀಜೇ ಇದರ ಗುರುತು, ಮಾರಾಯ್ತಿ. ಹೆರೋವಾಗ ತಾಯಿ ಮಿದುಳಲ್ಲಿ ಒಂದು ಹಾರ್ಮೋನು ಉಕ್ಕುತ್ತೆ. ಆಗ ಮೂಗಿಗೆ ಬಡಿದ ವಾಸನೆ ನನ್ನದು ಅಂತ ಮನಸ್ಸಲ್ಲಿ ಕೂತುಬಿಡುತ್ತೆ. ಹೊತ್ತು ಮೀರಿದ್ರೆ ಹೆತ್ತ ಮರಿನೂ ಬೇರೆಯವರ ಮರಿನೇ."

"ಹಾಗಾದ್ರೆ ಇದು ಉಳಿಯಲ್ವಾ?"

"ಬಾಟ್ಲಿ ಹಾಲಲ್ಲಿ ಇಷ್ಟು ಸಣ್ಣದು ಉಳಿಯೋದು ಕಷ್ಟ. ಒಂದು ದಾರಿ ಇದೆ, ಕುರಿ ಹಿಡ್ಕೋ."

ಡಾಕ್ಟರಮ್ಮ ಕೈಗವಸು ತೊಟ್ಟು, ಮರಿ ಹೊರಬಂದ ದಾರಿಯಲ್ಲೇ ಬೆರಳಿಟ್ಟು ಮೆಲ್ಲಗೆ ಅಗಲಿಸುತ್ತಾ ಐದು ನಿಮಿಷ ನಿಂತರು. "ಇನ್ನೊಂದು ಸಲ ಹೆರ್ತಿದ್ದೀನಿ ಅಂತ ಮೈ ನಂಬಬೇಕು. ಈಗ ಸವರು!" ಸೋಪಕ್ಕ, ಹೆತ್ತಾಗ ಹುಲ್ಲಿಗಂಟಿದ್ದ ಲೋಳೆಯನ್ನು ಬರಿಗೈಯಲ್ಲಿ ಬಾಚಿ ಮರಿಯ ಮೈಗೆಲ್ಲ ಬಳಿದಳು.

ಕುರಿ ಮತ್ತೆ ಮೂಸಿತು. ಗಂಟಲಿನೊಳಗೇ ಸಣ್ಣಗೆ ಗುರುಗುಟ್ಟಿ, ಕುರಿ ನಾಲಿಗೆ ಚಾಚಿತು. ಮುಖ, ಕಿವಿ, ಬೆನ್ನು ನೆಕ್ಕಿದ್ದೇ ನೆಕ್ಕಿದ್ದು. ಮರಿ ಕೆಚ್ಚಲಿಗೆ ಬಾಯಿಟ್ಟಿತು. ಬಾಲ ಪಟಪಟ ಆಡಿತು.

"ಬದುಕ್ತು ಬಿಡು," ಎಂದರು ಡಾಕ್ಟರಮ್ಮ.

ಸೋಪಕ್ಕ ಗೋಡೆಗೊರಗಿ ಕುಸಿದು ಕುಳಿತಿದ್ದಳು. ಕೈಯ ಲೋಳೆ ಇನ್ನೂ ತೊಳೆದುಕೊಂಡಿರಲಿಲ್ಲ.

"ಒಂದು ಬಕೆಟ್ ನೀರಿಗೆ ತೊಳೆದುಹೋಗುತ್ತಾ ಮೇಡಂ, ಹೆತ್ತಿದ್ದು?"

ಡಾಕ್ಟರಮ್ಮ ಕೈಗವಸು ಕಳಚಿ ಅವಳ ಪಕ್ಕದಲ್ಲೇ ಕುಳಿತರು.