ಮಾವ ಬರೆದ ಪರದೆಯಲ್ಲಿ ಜನರಿರಲಿಲ್ಲ

ಮಂಗಳಾರತಿಯ ನಡುವೆ ಕರೆಂಟು ಹೋಯಿತು. ಕೊಟ್ಟಾರದ ನಮ್ಮ ಸಣ್ಣ ದೇವಸ್ಥಾನದಲ್ಲಿ ಗಂಟೆ, ಜಾಗಟೆ, ನಗಾರಿ ಮೂರನ್ನೂ ಬಾರಿಸುವ ಯಂತ್ರ ತಟ್ಟನೆ ನಿಂತಿತು. ಸುತ್ತ ನೋಡಿದೆ. ಅಂಗಣದಲ್ಲಿ ನಾನೊಬ್ಬನೇ ಇದ್ದೆ. ಅಷ್ಟು ಹೊತ್ತು ಆ ಗದ್ದಲದಲ್ಲಿ ಅದು ಗೊತ್ತೇ ಆಗಿರಲಿಲ್ಲ.

ಈ ದೃಶ್ಯವನ್ನು ನಾನು ಹಿಂದೆಯೇ ನೋಡಿದ್ದೆ. ನಾಟಕಗಳಿಗೆ ಪರದೆ ಬರೆಯುತ್ತಿದ್ದ ನನ್ನ ಸೋದರಮಾವ, ನಾನು ಸಣ್ಣವನಿದ್ದಾಗ, ಒಂದು ತುಳು ನಾಟಕಕ್ಕಾಗಿ ಮುಂದಿನ ಕಾಲದ ದೇವಸ್ಥಾನವನ್ನು ಬರೆದಿದ್ದರು. ಅದರಲ್ಲಿ ಕಬ್ಬಿಣದ ಕೈಗಳು ನಗಾರಿ ಬಡಿಯುತ್ತಿದ್ದವು. ಅಂಗಣ ಖಾಲಿ. ಜನರನ್ನು ಬರೆಯಲು ಮರೆತಿರಾ ಎಂದು ಕೇಳಿದ್ದಕ್ಕೆ ಮಾವ ಬ್ರಷ್ ತೊಳೆಯುತ್ತಾ, "ಮರೆತದ್ದಲ್ಲ ಮಾರಾಯ. ಜನ ಇದ್ರೆ ಮಿಷನ್ ಎಂತಕ್ಕೆ?" ಎಂದಿದ್ದರು. ನಾವು ಮಕ್ಕಳೆಲ್ಲ ನಕ್ಕಿದ್ದೆವು.

ಒಳಗಿನಿಂದ ಭಟ್ಟರು ಆರತಿ ಹಿಡಿದುಕೊಂಡೇ ಕೂಗಿದರು: "ಹೊರಗೆ ಯಾರಾದ್ರೂ ಇದ್ದೀರಾ? ಆ ಜಾಗಟೆ ಸ್ವಲ್ಪ ಬಡೀತೀರಾ?"

ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಜಾಗಟೆಯ ಧೂಳನ್ನು ಪಂಚೆಯ ತುದಿಯಿಂದ ಒರೆಸಿ ಬಡಿಯತೊಡಗಿದೆ. ತಾಳ ತಪ್ಪುತ್ತಿತ್ತು. ಬಡಿಯುತ್ತಲೇ ಮತ್ತೆ ಮತ್ತೆ ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ. ಕರೆಂಟು ಬಂದದ್ದೇ ತಡ, ಯಂತ್ರ ತಾನಾಗಿ ಶುರುವಾಗಿ ನನ್ನ ಸದ್ದನ್ನು ನುಂಗಿಬಿಟ್ಟಿತು.

ಈಗ ದಿನಾ ಸಂಜೆ ಹೋಗುತ್ತೇನೆ. ನನಗೆ ಭಕ್ತಿ ಹೆಚ್ಚಾಯಿತೆಂದು ಮನೆಯವರಿಗೆ ಖುಷಿ. ನನಗಿರುವುದು ಹೆದರಿಕೆ. ನಾನೂ ಹೋಗದಿದ್ದರೆ ಆ ಸಂಜೆ ಮಾವನ ಪರದೆಯೇ ನಿಜವಾಗಿಬಿಡುತ್ತದೆ.